ಸಲ್ಮಾಬಾದಿನಲ್ಲಿ ಹನ್ನೆರಡಿಂಚು

ವಲೇರಿಯನ್ನನಿಗೆ ಹದಿನೆಂಟಿಂಚೇ ಬೇಕು.
"ಎದೆಗೂಡು ಅದುರದಿದ್ದರೆ ಅದೆಂಥ ಡೀಜೆ ಮಾರಾಯ,
ಅದಕ್ಕೆ ಮನೆಯ ಟೀವಿ ಸಾಲದಾ?"
ನಾನು ನಮ್ಮ ಮೆಟ್ಟಿಲು ನೆನಪಿಸಿದೆ:
ಗುದೈಬಿಯಾದ ಮೂರನೇ ಮಾಳಿಗೆ, ಲಿಫ್ಟು ಸತ್ತು ಎರಡು ವರ್ಷ,
ತಿರುವಿನಲ್ಲಿ ಯಾರದೋ ಫ್ರಿಜ್ಜು ಸಿಕ್ಕಿಬಿದ್ದು
ಒಂದು ಶುಕ್ರವಾರವಿಡೀ ಇಡೀ ಕಟ್ಟಡ ಒಳಗೇ ಉಳಿದದ್ದು.
ಮತ್ತೆ, ನಮ್ಮ ಹಳೇ ಸನ್ನಿ ಕಾರಿನ ಡಿಕ್ಕಿ.
ಅಳತೆಯ ಟೇಪು ಕಿಸೆಯಲ್ಲೇ ಇತ್ತು,
ಹಗಲೆಲ್ಲ ಏಸಿ ರಿಪೇರಿ ಮಾಡುವವನಲ್ಲವೇ ನಾನು.

ಆಗಸ್ಟಿನ ಸಂಜೆ. ಗಾಳಿಯೆಂದರೆ ಹಿಂಡದೆ ಹೊದಿಸಿದ ಚಾದರ.
ಗುಲ್‌ಜಮಾನನ ಗೋದಾಮಿನಲ್ಲಿ
ಊರಿನ ಮದುವೆಗಳನ್ನೆಲ್ಲ ಮುಗಿಸಿದ ಸ್ಪೀಕರುಗಳು
ಗೋಡೆಗೆ ಮುಖಮಾಡಿ ನಿಂತಿದ್ದವು, ಲೆಕ್ಕ ತಪ್ಪಿದ ಹುಡುಗರ ಹಾಗೆ.
"ಒಂದೇ ಫಂಕ್ಷನ್ ಭಾಯಿ, ಒಂದೇ" ಎಂದ.
ಸ್ಕ್ರೂಗಳ ತಲೆಯಲ್ಲಿ ಹಸಿರು ಕಿಲುಬು.
ಉಪ್ಪಿಗೆ ಸುಳ್ಳು ಹೇಳಲು ಬರುವುದಿಲ್ಲ.

ವಲೇರಿಯನ್ ಫೋನು ಸಿಕ್ಕಿಸಿ ಏನೋ ಹಾಕಿದ,
ತಗಡಿನ ಮಾಡು ಗಡಗಡ, ಅವನ ಸೊಂಟ ಆಗಲೇ ಪಾರ್ಟಿಯಲ್ಲಿ.
ನಿಲ್ಲಿಸೆಂದೆ. ಹಾಡು ತೆಗೆದು
ವಾಲ್ಯೂಮು ಪೂರ್ತಿ ತಿರುಗಿಸಿ
ಬಲೆಯ ಮೇಲೆ ಕಿವಿಯಿಟ್ಟೆ.
ಮೊದಲನೆಯದು ಗುಂಯ್‌ಗುಟ್ಟಿತು,
ಗ್ಯಾಸು ಮುಗಿದ ಕಂಪ್ರೆಸರಿನ ದನಿ, ಅದು ನನಗೆ ಗೊತ್ತು.
ಎರಡನೆಯದರಲ್ಲಿ ಯಾರೋ ಅಕ್ಕಿ ಕೇರುತ್ತಿದ್ದರು.
ನಾಲ್ಕನೆಯದಕ್ಕೂ ಬಾಗಿದಾಗ ಗುಲ್‌ಜಮಾನ್ ನಕ್ಕ:
"ಹಾಡು ಬಿಟ್ಟು ಏನೂ ಇಲ್ಲದ್ದನ್ನು ಕೇಳುತ್ತಾ ಕೂತಿದ್ದಾನಲ್ಲ ಇವನು!"

ಮಿಕ್ಸರನ್ನು ಕಣ್ಣುಮುಚ್ಚಿ ತಡವಿ ನೋಡಿದೆ.
ಇಶಾದ ಬಾಂಗು ಶುರುವಾದರೆ
ಪದ ಯಾವ ಸಾಲಿನಲ್ಲಿರಲಿ, ಮದುಮಗ ಯಾರ ಹೆಗಲ ಮೇಲಿರಲಿ,
ಕತ್ತಲಲ್ಲಿ ಬೆರಳು ತಾನಾಗಿ ಆ ಗುಂಡಿಗೆ ಹೋಗಬೇಕು.
ಕೆಲವದರಲ್ಲಿ ಅದು ನಖದಷ್ಟೂ ಇಲ್ಲ.

ಬೆಳಕಿನ ಸರದಿ. ವಲೇರಿಯನ್ನನ ಕಣ್ಣು
ತಲೆ ತಿರುಗಿಸುವ ಆ ನಾಲ್ಕು ಲೈಟುಗಳ ಮೇಲೆ,
ಅವೂ ಅವನನ್ನೇ ನೋಡುತ್ತಿದ್ದವು.
ನನ್ನ ಕಿವಿಯಲ್ಲಿ ಮೇಕಪ್ಪಿನ ಝೀನತ್ ಬೈದದ್ದು:
"ಮೂರು ಗಂಟೆ ಕೂತು ತಿದ್ದಿದ ಮುಖ,
ನಿನ್ನ ನೀಲಿ ಬೆಳಕಿನಡಿ ಬಾವಿಯಿಂದೆತ್ತಿದ ಹೆಣ!"
ಅವಳು ಹೇಳಿದ್ದು ಸರಿ. ನಮ್ಮವರ ಚರ್ಮಕ್ಕೆ ಬೇರೆ ದೀಪವೇ ಬೇಕು.
ಒಂದೊಂದರಡಿಯೂ ಕೈ ಚಾಚಿದೆ.
ಒಂದರಲ್ಲಿ ಬೂದಿ, ಒಂದರಲ್ಲಿ ಕಾಮಾಲೆ.
ಅಂಬರಿನ ಬಿಲ್ಲೆಯಿದ್ದ ಗಿಡ್ಡ ಡಬ್ಬಿಯೊಂದರಲ್ಲಿ ಮಾತ್ರ
ಮಣಿಕಟ್ಟಿನ ಸುಟ್ಟ ಕಲೆ ಸಮೇತ
ಕೈ ನನ್ನದೇ ಆಗಿತ್ತು.
ಅಂಥವು ನಾಲ್ಕು. ಹೊಗೆಯ ಯಂತ್ರ ಬೇಡವೇ ಬೇಡ.
ಜುಫೈರಿನ ಹಾಲಿನಲ್ಲಿ ಅಲಾರಮು ಕೂಗಿ
ಇನ್ನೂರು ರೇಶ್ಮೆ ಸೀರೆ ಪಾರ್ಕಿಂಗಿನಲ್ಲಿ ಬೆವರಿದ್ದು,
ಅಗ್ನಿಶಾಮಕದವರು ಬಿರಿಯಾನಿ ಉಂಡು ಹೋದದ್ದು
ಇನ್ನೂ ಯಾರೂ ಮರೆತಿಲ್ಲ.

ಐದನೆಯ ಸ್ಪೀಕರು ಏನೂ ಹೇಳಲಿಲ್ಲ.
ಏನೂ ಅಂದರೆ ಏನೂ.
ಬುಡ ನೋಡೋಣವೆಂದು ಮಗುಚಿದೆವು.
ಮಾಸಿದ ಮಾರ್ಕರಿನಲ್ಲಿ, ದುಂಡಗೆ: ಎಡ.
ಕೆಳಗೆ ಚಿಕ್ಕದಾಗಿ:
ನೆಲ ಒದ್ದೆಯಿದ್ದರೆ ಪ್ಲಗ್ಗು ಮುಟ್ಟಬೇಡಿ ದಯವಿಟ್ಟು.
"ಸಿಂಹಳ" ಎಂದ ಗುಲ್‌ಜಮಾನ್, ತಿಳಿದವನಂತೆ.
ವಲೇರಿಯನ್ ಎರಡು ಸಲ ಓದಿದ, ಎರಡನೆಯ ಸಲ ಜೋರಾಗಿ,
"ದಯವಿಟ್ಟು" ಎಂಬಲ್ಲಿ ನಕ್ಕು, ಆಮೇಲೆ ನಗಲಿಲ್ಲ.
ಇದರ ಬಲ ಎಲ್ಲಿ?
"ಕತಾರಿಗೆ ಹೋಯಿತೋ, ಗುಜರಿಗೆ ಹೋಯಿತೋ,
ತಂದವನು ಒಂದನ್ನೇ ತಂದ."

ಹದಿನೆಂಟಿಂಚಿನ ಮಾತು ಅಲ್ಲಿಗೆ ನಿಂತಿತು.
ಯಾರು ನಿಲ್ಲಿಸಿದೆವು ಗೊತ್ತಿಲ್ಲ.
ಎಡಕ್ಕೆ ಜೊತೆಯಾಗಿ ಬೇರೆ ಕಂಪನಿಯದೊಂದು,
ಸ್ವರ ಹತ್ತಿರದ್ದು, ಎತ್ತರ ಎರಡು ಬೆರಳು ಕಮ್ಮಿ.
ತೊಂಬತ್ತೈದಕ್ಕೆ ಶುರುವಾಗಿ ಎಪ್ಪತ್ತೆರಡು ದಿನಾರಿಗೆ ಕೈಕುಲುಕಿ,
ಉಳಿದ ಚಿಲ್ಲರೆಗೆ ಇಪ್ಪತ್ತು ಮೀಟರು ವಯರು.
ತಳ್ಳುಗಾಡಿ ಮುಂದಿನ ತಿಂಗಳು.

ರಾತ್ರಿ ಹತ್ತೂವರೆ. ಎಡವನ್ನು ಅವನು ತಬ್ಬಿಕೊಂಡ,
ಹೆಸರಿಲ್ಲದ್ದನ್ನು ನಾನು.
ಎರಡನೇ ಮಾಳಿಗೆಯ ತಿರುವಿನಲ್ಲಿ
ಗೋಡೆಗೊರಗಿ ಉಸಿರು ಬಿಡುತ್ತಿದ್ದಾಗ
ಮೇಲಿನಿಂದ ಯಾರೋ ಬಾಗಿಲು ತೆರೆದು
ಗಾಬರಿಯಲ್ಲಿ ಕೇಳಿದರು:
"ಮತ್ತೆ ಫ್ರಿಜ್ಜಾ?"