ಕೋರಿಕೆ ನಿಲುಗಡೆ

ವೀಸಾ ಫೋಟೋದಲ್ಲಿ ನಗಬಾರದಂತೆ.
ಶ್ರೀನಗರದ ಸ್ಟುಡಿಯೋದಲ್ಲಿ ಇವರು
ಪಾಸು ತೋರಿಸಿ ಅನ್ನುವ ಮುಖ ಮಾಡಿ ಕೂತರು.
ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ
ನಿಂತೇ ಊರು ಸುತ್ತಿದವರು.

ರೋಮಿನ ನಕಾಶೆ ಹಾಸಿಗೆ ಮೇಲೆ ಹರಡಿ
ಸ್ಟೇಜು ಹಾಕುತ್ತಾರೆ:
ಇಲ್ಲಿ ಹತ್ತು, ಅಲ್ಲಿ ಇಳಿ, ನಡುವೆ ಒಂದು ಗುಡಿ.
"ಚರ್ಚು ಕಣ್ರೀ" ಅಂದರೆ
"ಎರಡೂ ಕೋರಿಕೆ ನಿಲುಗಡೆಯೇ" ಅಂತಾರೆ.

ಹಿಂದಿನ ಬೀದಿಯ ಲೂರ್ದು ಮೇರಿ
ಒಮ್ಮೆ ಹೋಗಿ ಬಂದವಳು:
"ನೀರಿಗೂ ದುಡ್ಡು, ಒಂದಕ್ಕೂ ದುಡ್ಡು,
ಚಿಲ್ಲರೆ ಇಟ್ಟುಕೊಳ್ಳಿ ಅಕ್ಕ."
ಚಿಲ್ಲರೆ ಎಂದದ್ದೇ ತಡ, ಒಳಗಿನಿಂದ ಎದ್ದು ಬಂದರು.

ಚೀಟಿ ಎತ್ತಿದ ಹಣ.
ವೀಸಾ ಕೊಡದಿದ್ದರೂ ಕಟ್ಟಿದ್ದು ವಾಪಸಿಲ್ಲ.
"ನಾವಾದರೆ ಟಿಕೆಟ್ ಹಿಂದೆ ಬರೆದುಕೊಡ್ತಿದ್ವಿ"
ಅಂದವರು ಯಾಕೋ ಸುಮ್ಮನಾದರು.
ಕೇಳಲು ಮರೆತು ಇಳಿದುಹೋದವರ
ಮೂರು, ಏಳು, ಎರಡೂವರೆ ರೂಪಾಯಿ
ನೆನಪಾಯಿತೇನೋ.

ಚಟ್ನಿಪುಡಿ ತೂಗಿದ್ದಾಯಿತು. ಸ್ವೆಟರಿಗೆ
ಕಾಟನ್‌ಪೇಟೆಗೆ ಹೋಗಬೇಕು.
ನಾಳೆ ಒಂಬತ್ತಕ್ಕೆ ಬೆರಳಚ್ಚು ಕೊಡುವುದು,
ಟಿಕೆಟು ಹರಿದು ಹರಿದು ಸವೆದ ಹೆಬ್ಬೆರಳು
ಮೂಡುತ್ತದೋ ಇಲ್ಲವೋ.

ನಡುರಾತ್ರಿ ನಿದ್ದೆಯಲ್ಲಿ ಗದರಿದರು:
"ಮುಂದಕ್ಕೆ ಹೋಗಿ, ಮುಂದಕ್ಕೆ ಹೋಗಿ,
ಒಳಗೆ ಜಾಗ ಇದೆ."
ನಾನು ಗೋಡೆ ಕಡೆಗೆ
ಇಷ್ಟು ಸರಿದೆ.