ಎಂಬತ್ತಮೂರು

ನನ್ನ ಕಸುಬು ಪುಟಗಳನ್ನು ಮೇಲೆ ಹತ್ತಿಸುವುದು.
ಅಬರ್ಡೀನಿನ ಹಲ್ಲಿನ ವೈದ್ಯರು, ಹಾಸಿಗೆ ಮಾರುವವರು,
ಶವಪೆಟ್ಟಿಗೆ ಮಾಡುವವನೊಬ್ಬ ಕೂಡ
ಹುಡುಕಿದವರ ಕಣ್ಣಿಗೆ ತಾವೇ ಮೊದಲು ಬೀಳಲೆಂದು
ತಿಂಗಳು ತಿಂಗಳು ಹಣ ಕೊಡುತ್ತಾರೆ.
ಥೋರ್ಫಿನ್ ಮಾವ ಕೊಟ್ಟದ್ದು
ಉಪ್ಪು ಹಾಕಿ ಒಣಗಿಸಿದ ಮೀನು, ಹಳೇ ಪೇಪರಿನಲ್ಲಿ ಸುತ್ತಿ.

‘ಮಂಜುಕಹಳೆ ಅಂತ ಬರೆದು ಒತ್ತಿದರೆ
ನಾನು ಎಷ್ಟನೆಯವನು?’
ನಲವತ್ತಮೂರನೆಯವನು, ಮಾವ. ಎಣಿಸುತ್ತ ಹೋದೆ.
‘ಮೊದಲಿನವನು ಯಾರು?’
ವಿಶ್ವಕೋಶ.
‘ಅವನು ಯಾವ ದ್ವೀಪದಲ್ಲಿ ಊದಿದ್ದನಂತೆ?’

ಇಪ್ಪತ್ತಾರು ವರ್ಷ ಸ್ಕಾರ್ನೆಸ್ಸಿನ ಬಂಡೆಯ ಮೇಲೆ
ಕಡಲಿಗೆ ಮಂಜು ಇಳಿದಾಗೆಲ್ಲ ಎದ್ದವನು ಅವನು.
ಮೂರು ಎಂಜಿನ್ನು, ಗಾಳಿ ತುಂಬಿದ ಆರು ಹಂಡೆ,
ಮೇಜಿನ ಮೇಲೆ ಚಹಾದ ಬಟ್ಟಲು ತಾನೇ ನಡೆದು
ಅಂಚಿಗೆ ಬರುವಷ್ಟು ದೊಡ್ಡ ಕೂಗು.
ಕಹಳೆ ನಿಂತ ಮೇಲೆ ಹಳೆಯ ಕಂಪ್ಯೂಟರು ಕೊಂಡ,
ಎರಡು ಬೆರಳಲ್ಲಿ ಒಂದು ಚಳಿಗಾಲ ಪೂರ್ತಿ ಬರೆದ.

ನಾನು ಹೇಳಿಕೊಟ್ಟೆ:
ಆ ಪದ ತಲೆಬರಹದಲ್ಲಿರಲಿ, ಮೊದಲ ಸಾಲಿನಲ್ಲಿರಲಿ,
ನಡುನಡುವೆ ಮತ್ತೆ ಬರಲಿ.
‘ಬಿಟ್ಟು ಬಿಟ್ಟು ಒಂದೇ ಮಾತು ಹೇಳಬೇಕು, ಅಷ್ಟೇ ತಾನೆ?
ಅದು ಕಹಳೆಯ ಕೆಲಸವೇ.’
ಬೇರೆಯವರು ನಿನ್ನತ್ತ ಬೆರಳು ತೋರಿಸಬೇಕು ಎಂದೆ.
‘ಅದಕ್ಕೆ ಏನು ತಪ್ಪು ಮಾಡಲಿ?’ ಎಂದು ನಕ್ಕ.

ಮೂವತ್ತೊಂದು. ಹತ್ತೊಂಬತ್ತು.
ನಾರ್ವೆಯ ಶಾಲೆಯೊಂದು ಬೆರಳು ತೋರಿಸಿತು: ಹನ್ನೊಂದು.
ಜನವರಿಯ ಒಂದು ಬೆಳಗ್ಗೆ, ಎರಡು.
ಅಲ್ಲೇ ನಿಂತಿತು.
ಸಾಕು ಎನ್ನಬೇಕಿತ್ತು. ನನಗೆ ಹಟ.
ಸಾಲ ಕೊಟ್ಟವನು ಚೀಟಿ ನೋಡುವ ಹಾಗೆ
ವಿಶ್ವಕೋಶದ ಪುಟವನ್ನು ಅಕ್ಷರ ಬಿಡದೆ ಓದಿದೆ.

ಮೂರನೆಯ ಪ್ಯಾರಾ: ಸ್ಕಾರ್ನೆಸ್ಸಿನ ಕಹಳೆ
ಏಳು ಸೆಕೆಂಡು ಕೂಗಿ, ತೊಂಬತ್ತು ಸೆಕೆಂಡು ಸುಮ್ಮನಿರುತ್ತಿತ್ತು.
ಮಾವನ ವಾಕ್ಯ. ಅಲ್ಪವಿರಾಮ ಕೂಡ ಅವನದೇ.
ಮೇಲೊಂದು ಪುಟ್ಟ ಹದಿನಾಲ್ಕು,
ಕೆಳಗೆ ಹದಿನಾಲ್ಕರ ಮುಂದೆ ಅವನ ಹೆಸರು.
ಫೋನು ಮಾಡಿ ಕೂಗಿದೆ: ಮಾವಾ,
ಗೆದ್ದವನ ಹೊಟ್ಟೆಯೊಳಗೆ ನೀನೇ ಇದ್ದೀಯ!

ಆ ಕಡೆ ಬಹಳ ಹೊತ್ತು ಮಾತಿಲ್ಲ.
‘ತೊಂಬತ್ತಲ್ಲ,’ ಎಂದ. ‘ಎಂಬತ್ತಮೂರು.
ಕೂಗು, ಮೌನ ಕೂಡಿದರೆ ತೊಂಬತ್ತು.
ಬರೆದದ್ದು ತಪ್ಪಿದೆ. ಅಳಿಸು.’

ಅವನ ಪುಟದಲ್ಲಿ ಅಳಿಸಿದೆ. ವಿಶ್ವಕೋಶದಲ್ಲೂ ತಿದ್ದಿದೆ.
ಸಂಜೆಯೊಳಗೆ ಯಾರೋ ಬಹಳ ವಿನಯದಿಂದ ತಿರುಗಿ ಹಾಕಿದರು:
ತನಗೆ ತಾನೇ ಸಾಕ್ಷಿ ಹೇಳುವಂತಿಲ್ಲ,
ಬೇರೆ ಆರು ಕಡೆ ತೊಂಬತ್ತೇ ಇದೆ.
ಆ ಆರೂ ಇವನ ತಪ್ಪನ್ನೇ ಹೀರಿ ಬೆಳೆದವು.
ದೋಣಿಕಟ್ಟೆಯ ಫಲಕವೂ ಒಂದು,
ಹಿತ್ತಾಳೆಯದು, ತಿದ್ದಲು ಬರುವುದಿಲ್ಲ.

ಎಲ್ಲರಿಗಿಂತ ಬೇರೆ ಹೇಳುವ ಪುಟ ಜಾರತೊಡಗಿತು,
ಅಥವಾ ಬೇರೆ ಕಾರಣವೋ, ನಮ್ಮ ಕಸುಬಿನಲ್ಲಿ
ಕಾರಣ ಯಾರಿಗೂ ಗೊತ್ತಿರುವುದಿಲ್ಲ.
ಐದು. ಹದಿನೇಳು.
ತೊಂಬತ್ತು ಎಂದೇ ಇಟ್ಟುಬಿಡೋಣ ಎಂದೆ,
ಏಳು ಸೆಕೆಂಡಿಗೆ ಯಾಕಿಷ್ಟು?

ಆಗ ಹೇಳಿದ, ಮೀನು ಸುಲಿಯುತ್ತ, ತಲೆಯೆತ್ತದೆ:
‘ಕೂಗು ಎಲ್ಲ ಬಂಡೆಯದೂ ಒಂದೇ.
ಮಂಜಿನಲ್ಲಿ ದೋಣಿಯವನು ಎಣಿಸುವುದು ಮೌನವನ್ನು.
ಎಂಬತ್ತಮೂರಾದರೆ ಸ್ಕಾರ್ನೆಸ್, ಎಡಕ್ಕೆ ತಿರುಗು.
ತೊಂಬತ್ತು ಎಂದರೆ ಹೋಲ್ಮ್‌ನ ಕಹಳೆ.
ಎಡಕ್ಕೆ ತಿರುಗಿದವನಿಗೆ ಅಲ್ಲಿ ಬರೀ ಕಲ್ಲು.’

ಈಗ ಯಾರು ಎಣಿಸುತ್ತಾರೆ, ಮಾವ?

‘ನಲವತ್ತಮೂರರ ತನಕ ಎಣಿಸಿದವಳು ನೀನಲ್ಲವೆ?’

ನಿನ್ನೆ ನೋಡಿದೆ: ಇಪ್ಪತ್ತೆಂಟು.
ಹಾಸಿಗೆಯವನ ಫೋನು ಬರುತ್ತಿದೆ,
ಒಮ್ಮೆ ಕೂಗಿ ನಿಂತಿತು.
ಮತ್ತೆ ಕೂಗುವವರೆಗೆ ಎಣಿಸುತ್ತಿದ್ದೇನೆ.