ಹುಡಿ

ಮಗಳು ಮೊಲ ತಂದ ಸಂಜೆ ನಾನು ಮಿಲ್ಲಿನಿಂದ
ಒಂದು ಗೋಣಿ ಹುಡಿ ಹೊತ್ತು ತಂದೆ.
ದುಡ್ಡಿಲ್ಲ. ಅಂದುಂಞಿ ಹಾಜಿಯವರೇ ಹೇಳಿದ್ದು:
‘ಒಳ್ಳೇದು ನೋಡಿ ತುಂಬಿಸಿಕೋ ಐತಪ್ಪ, ನೀನೇ ಕೊಯ್ದದ್ದಲ್ವಾ.’
ಎಲ್ಲಿಂದಲೋ ಹಡಗಿನಲ್ಲಿ ಬಂದ ಪೈನ್ ಹಲಗೆಯ ಹುಡಿ,
ಬೆಣ್ಣೆಯ ಬಣ್ಣ, ಮೂಗಿಟ್ಟರೆ ತಲೆಗೇರುವ ಪರಿಮಳ.
ಪೆಟ್ಟಿಗೆಯಲ್ಲಿ ನಾಲ್ಕು ಬೆರಳು ದಪ್ಪಕ್ಕೆ ಹಾಸಿದೆ.
ನನ್ನ ಮದುವೆಗೂ ಇಂಥ ಹಾಸಿಗೆ ಇರಲಿಲ್ಲ.

ಮೊಲ ಸೀನಿತು.

ಮೂರನೇ ದಿನ ಕಣ್ಣಲ್ಲಿ ನೀರು.
ಮೂಗು ಒರೆಸಿ ಒರೆಸಿ ಮುಂಗಾಲಿನ ರೋಮ ಅಂಟಂಟು.
ತನ್ವಿತಾ ಅದನ್ನು ಬೈರಾಸಿನಲ್ಲಿ ಸುತ್ತಿ
ಕುಂಬಳೆಯ ಬಸ್ಸು ಹತ್ತಿದಳು, ಹಿಂದೆ ನಾನು.
‘ಮುಯಲಾ?’ ಕೇಳಿದ ಕಂಡಕ್ಟರ್.
‘ಮುಯೆರ್,’ ತಿದ್ದಿದಳು ಹಿಂದಿನ ಸೀಟಿನ ಅಜ್ಜಿ.
‘ಮೊಲ. ಹೆಸರು ಬೊಳ್ಳು.’
ಕರಿ ಮೊಲ. ಬಿಳಿ ನಾಯಿಗಿಡುವ ಹೆಸರು.
ಯಾವುದಕ್ಕೂ ಅದು ಕಿವಿ ತಿರುಗಿಸಲಿಲ್ಲ.

ಡಾಕ್ಟರಮ್ಮ ಪಯ್ಯನ್ನೂರಿನವರು.
‘ಈರ್ಚಪ್ಪೊಡಿ ವೇಂಡ,’ ಎಂದರು. ಮತ್ತೆ ಬಂದಷ್ಟು ಕನ್ನಡದಲ್ಲಿ:
‘ಪರಿಮಳ ಉಂಟಲ್ಲ, ಅದೇ ಕೆಟ್ಟದ್ದು. ಇದರ ಶ್ವಾಸ ಇಷ್ಟೇ ಇಷ್ಟು.
ಲಿವರಿಗೂ ತಾಗ್ತದೆ.’
ನನಗೆ ಸಿಟ್ಟು ಬಂತು.
ಇಪ್ಪತ್ತಮೂರು ವರ್ಷ ಡಾಕ್ಟ್ರೇ, ಈ ಹುಡಿಯಲ್ಲೇ ನಾನು
ಎನ್ನುವಷ್ಟರಲ್ಲಿ ಕೆಮ್ಮು.
ಅವರು ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು.
‘ನಾನು ಪ್ರಾಣಿಗಳ ಡಾಕ್ಟರ್,’ ಎಂದು
ಚೀಟಿಯ ಮೇಲೆ ಬೊಳ್ಳುವಿನ ಹೆಸರು ಬರೆದರು.

ಆಮೇಲೆ ಹುಡುಕಾಟ.
ಕಾಸರಗೋಡಿನ ಅಂಗಡಿಯವ ಬೆಕ್ಕಿನ ಮಣ್ಣು ತೋರಿಸಿದ,
ಲ್ಯಾವೆಂಡರ್ ವಾಸನೆಯದ್ದು.
‘ಒದ್ದೆಯಾದರೆ ಸಿಮೆಂಟಿನ ಹಾಗೆ ಗಟ್ಟಿಯಾಗ್ತದೆ ಅಣ್ಣಾ!’
‘ಹೊಟ್ಟೆಯೊಳಗೂ?’ ಕೇಳಿದಳು ತನ್ವಿತಾ.
ಅವ ಪ್ಯಾಕೆಟ್ಟನ್ನು ಮೆಲ್ಲ ಹಿಂದಕ್ಕಿಟ್ಟ.
ಉಮಿ ಕಣ್ಣಿಗೆ ಹಾರುತ್ತದೆ.
ತೆಂಗಿನ ನಾರು ತಿಂದರೆ ಕರುಳಿಗೆ ಕಷ್ಟ.
ಹಳೇ ಬೈರಾಸನ್ನು ಒಂದೇ ರಾತ್ರಿಯಲ್ಲಿ ಕಿಟಕಿ ಮಾಡಿತು.
ತಂತಿಯ ನೆಲ ಆಗದು,
ಪಾದಕ್ಕೆ ಮೆತ್ತೆಯಿಲ್ಲದ ಜೀವ, ಬರೀ ರೋಮ.

ಕೊನೆಗೆ ಕಾಗದ.
ಪಕ್ಕದ ಮನೆಯ ಕುಂಞಂಬು ಮೇಷ್ಟ್ರು ಕಟ್ಟು ಬಿಚ್ಚಿ ಕೊಟ್ಟರು,
ಅರ್ಧ ಕನ್ನಡ ಪತ್ರಿಕೆ, ಅರ್ಧ ಮಲಯಾಳ.
ಹೊಳೆಯುವ ಪುಟಗಳನ್ನು ಮಗಳು ತೆಗೆದಿಟ್ಟಳು:
ಚಿನ್ನದಂಗಡಿ, ಕಾರು, ನಗುವ ಅಭ್ಯರ್ಥಿಗಳು.
ಮೇಲೆ ಬೈಹುಲ್ಲು, ಬೂಷ್ಟು ಹಿಡಿಯದ್ದು,
ಹಿಡಿ ಹಿಡಿಯಾಗಿ ಮೂಸಿ ಆರಿಸಿದ್ದು ನಾನೇ.
ಲಿಪಿ ನೋಡದೆ ಬೊಳ್ಳು ತನಗೊಂದು ಮೂಲೆ ಹಿಡಿಯಿತು.
ತಿನ್ನುತ್ತಲೇ ಹಿಕ್ಕೆ ಹಾಕುವ ಕುಲ,
ಹಾಗಾಗಿ ಊಟದ ಹುಲ್ಲೂ ಅಲ್ಲೇ, ಪಕ್ಕದಲ್ಲೇ.

ಈಗ ನನಗೆ ಕಾನೂನು.
ಮಿಲ್ಲಿನಿಂದ ಬಂದವ ಅಂಗಳದಲ್ಲೇ ಅಂಗಿ ಕಳಚಬೇಕು,
ಪೇರಳೆ ಗೆಲ್ಲಿಗೆ ತೂಗಬೇಕು, ತಲೆ ಕೊಡವಬೇಕು.
ಕಿವಿಯ ಹಿಂದೆ ಬೆರಳಾಡಿಸಿ ನೋಡುತ್ತಾಳೆ.
‘ಬೊಳ್ಳುವಿಗೆ ಆಗುವುದಿಲ್ಲ, ಅಪ್ಪ.’
ಸಣ್ಣವಳಿದ್ದಾಗ ಇದೇ ಅಂಗಿಯಲ್ಲಿ ಮುಖ ಹುಗಿದು
ಇವತ್ತು ಹಲಸು, ಇವತ್ತು ಮಾವು, ಇವತ್ತು ತೇಗ
ಎಂದು ಮರದ ಹೆಸರು ಹೇಳುತ್ತಿದ್ದಳು.
ಹತ್ತರಲ್ಲಿ ಎಂಟು ಸರಿ.

ರಾತ್ರಿ ಕೆಮ್ಮು ಬರುತ್ತದೆ. ತಲೆದಿಂಬಿಗೆ ಬಾಯಿ ಒತ್ತುತ್ತೇನೆ.
ಆಚೆ ಕೋಣೆಯಿಂದ ಧಬ್.
ಹಿಂಗಾಲು ನೆಲಕ್ಕೆ ಬಡಿಯುವುದು.
ಅಪಾಯವೆಂದು ಬಿಲದ ಉಳಿದವರಿಗೆ ತಿಳಿಸುವ ಕ್ರಮವಂತೆ,
ಮೇಷ್ಟ್ರು ಹೇಳಿದ್ದು.
ಮತ್ತೊಮ್ಮೆ ಕೆಮ್ಮುತ್ತೇನೆ. ಧಬ್.
ಗೋಡೆಯಾಚೆ ಮಗಳು ಹೊರಳಿದ ಸದ್ದು.
ಇನ್ನೊಂದನ್ನು ಗಂಟಲಲ್ಲೇ ಹಿಡಿದು ಕಾಯುತ್ತೇನೆ,
ಕತ್ತಲಲ್ಲಿ ಅದೂ ಕಾಲೆತ್ತಿ ಕಾಯುತ್ತದೆ.